ದಿಂಬಿನ ಕೆಳಗಿನ ಮೈಕು

ಮಾತಿನಲ್ಲಿ ಉಮಾಪತಿಯನ್ನು ಸೋಲಿಸುವವರು ಬಳ್ಳಾರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದು ನಿವೃತ್ತನಾದ ಮೇಲಂತೂ ಆ ಬಾಯಿಗೆ ಬಿಡುವೇ ಇರಲಿಲ್ಲ. ಹವ್ಯಾಸಿಗಳು ಊರೂರಿಗೆ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದ ಹುಚ್ಚು ಹತ್ತಿದ್ದೂ ಅದಕ್ಕೇ ಇರಬೇಕು. ಮನೆಯಲ್ಲಿ ಕೇಳುವವಳು ಹೆಂಡತಿ ಪಂಪಾವತಿ ಒಬ್ಬಳೇ, ಗಾಳಿಯಲ್ಲಾದರೆ ಹೊಸಪೇಟೆಯಿಂದ ರಾಯಚೂರಿನವರೆಗೆ ಕಿವಿಗಳು.

ಆ ಹುಚ್ಚಿಗೆ ಜೊತೆಯಾದವನು ಅಜೀಮ್. ಸತ್ಯನಾರಾಯಣಪೇಟೆಯಲ್ಲಿ ಮನೆ, ಹತ್ತಿರದಲ್ಲೇ ಲಾರಿ, ಕಾರುಗಳ ಸೀಟು ಹೊಲಿಯುವ ಅಂಗಡಿ. ಇಬ್ಬರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು. ಇಬ್ಬರೂ ಸೇರಿ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಅದರ ಹೊಟ್ಟೆಯೊಳಗೊಂದು ಮನೆ ಮಾಡಿದರು. ಮಲಗಲು ಮಂಚ, ಚಹಾಕ್ಕೆ ಪುಟ್ಟ ಒಲೆ, ತಲೆಯ ಮೇಲೆ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಬ್ಯಾಟರಿ, ಕಿಟಕಿಯ ಪಕ್ಕ ರೇಡಿಯೊ ಸೆಟ್. ತುಂಗಭದ್ರೆ ಉಕ್ಕಿ ಕರೆಂಟೂ ಫೋನೂ ಕೈಕೊಟ್ಟಾಗ ಎಲ್ಲಿ ಬೇಕಾದರೂ ನಿಂತು ಸುದ್ದಿ ಕಳಿಸಬೇಕು, ಅದಕ್ಕೆಂದೇ ಆ ಬಂಡಿ.

ಅದನ್ನು ಕಟ್ಟುವಾಗ ಒಂದು ಅನಾಹುತವಾಗಿತ್ತು. ಬ್ಯಾಟರಿಯ ಕೆಂಪು ತಂತಿ, ಕಪ್ಪು ತಂತಿ ಅದಲುಬದಲಾಗಿ ಹೊಚ್ಚ ಹೊಸ ಸೆಟ್ಟು ಹೊಗೆಯಾಡಿ ಸತ್ತಿತು. ಜೋಡಿಸಿದ ಕೈ ಉಮಾಪತಿಯದು. ಫ್ಯೂಸ್ ಆಮೇಲೆ ಹಾಕಿದರಾಯಿತು ಎಂದ ಮಹಾಶಯನೂ ಅವನೇ. ಇಷ್ಟು ವರ್ಷ ಕರೆಂಟಿನಲ್ಲೇ ಬದುಕಿದವನ ಮುಖ ಬಾಡಿದ್ದನ್ನು ನೋಡಲಾಗದೆ ಅಜೀಮ್ ರೇಡಿಯೊ ಗೆಳೆಯರ ಬಳಗಕ್ಕೆಲ್ಲ "ನಂದೇ ಕೈತಪ್ಪು ಆತ್ರಿ" ಎಂದುಬಿಟ್ಟ. ಅವನ ಮಗಳು ನಿಶಾತ್ ಅಪ್ಪನಿಗೆ ಚೆನ್ನಾಗಿ ಬೈದಳು. ಅಜೀಮ್ ನಗುತ್ತ ಬೈಸಿಕೊಂಡ. ಪಕ್ಕದಲ್ಲೇ ಕೂತಿದ್ದ ಉಮಾಪತಿ ತುಟಿ ಬಿಚ್ಚಲಿಲ್ಲ.

ಈ ಆಗಸ್ಟಿನಲ್ಲಿ ಬಳಗದವರು ಪ್ರವಾಹದ ತಾಲೀಮು ಇಟ್ಟುಕೊಂಡರು. ಸಿರುಗುಪ್ಪದ ಹೊಳೆದಂಡೆಯಲ್ಲಿ ಬಂಡಿಯೊಂದಿಗೆ ಉಮಾಪತಿ ಮತ್ತು ಪಂಪಾವತಿ. ಕುರುಗೋಡಿನ ಗುಡ್ಡದ ಮೇಲೆ ಸಣ್ಣ ಸೆಟ್ಟು ಹಿಡಿದು ಅಜೀಮ್. ಸತ್ಯನಾರಾಯಣಪೇಟೆಯ ಮನೆಯಿಂದ ಎಲ್ಲರನ್ನೂ ನಡೆಸುವವಳು ನಿಶಾತ್. ಅವಳದು ಕಟ್ಟುನಿಟ್ಟು. ಯಾರು ಸಂದೇಶ ಕೊಟ್ಟರೂ ಒಂದು ಪದ ಬಿಡದೆ ತಿರುಗಿ ಹೇಳುವಳು. ಕೊಟ್ಟವರು "ಸರಿ ಐತಿ" ಎಂದ ಮೇಲೆಯೇ ಅದು ಮುಟ್ಟಿದ ಲೆಕ್ಕ. ಪ್ರವಾಹದಲ್ಲಿ ಒಂದು ಪದ ತಪ್ಪಿದರೆ ದೋಣಿ ಯಾವುದೋ ಊರಿಗೆ ಹೋಗುತ್ತದೆ.

ಉಮಾಪತಿ ಬೇವಿನ ಮರಕ್ಕೆ ಆಂಟೆನಾ ತಂತಿ ಎಳೆದು ಕಟ್ಟಿದ. ಮೋಡ ಕವಿದು ಪ್ಯಾನೆಲ್ಲಿಗೆ ಬಿಸಿಲಿಲ್ಲದಿದ್ದರೂ ಬ್ಯಾಟರಿಯಲ್ಲಿ ಜೀವವಿತ್ತು. ಮೊದಲ ಸಂದೇಶಗಳು ಸಲೀಸಾಗಿ ಹೋದವು. ಪಂಪಾವತಿ ಚಹಾ ಕೊಟ್ಟಳು. ಅವನು ಮೈಕನ್ನು ಕೊಕ್ಕೆಗೆ ಹಾಕದೆ ಮಂಚದ ಮೇಲೇ ಬಿಟ್ಟು, ದಿಂಬು ಎಳೆದುಕೊಂಡು ಹಾಯಾಗಿ ಒರಗಿದ.

"ಅಜೀಮಣ್ಣಾರು ಎಷ್ಟ್ ಚಂದ ಹೊಲದಾರ ನೋಡ್ರಿ ಈ ದಿಂಬು," ಎಂದಳು ಪಂಪಾವತಿ.

ಅಷ್ಟೇ ಸಾಕಾಯಿತು. ಬಂಡಿ ನೋಡಿದವರೆಲ್ಲ ದಿಂಬನ್ನೇ ಹೊಗಳಿ ಹೊಗಳಿ ಅವನ ಹೊಟ್ಟೆ ಉರಿದುಹೋಗಿತ್ತು.

"ಎಲ್ಲಾರಿಗೂ ದಿಂಬೇ ಕಾಣ್ತೈತಿ! ಅವ ಮಾಡಿದ್ದಾದ್ರೂ ಏನು? ನಾಕು ದಿಂಬು, ಎರಡು ಪರದೆ. ಹೆಸರು ಮಾತ್ರ ಇಬ್ಬರದೂ. ಸೀಟು ಹೊಲಿಯೋನ ಕೈಯಾಗ ತಂತಿ ಕೊಟ್ರ ಏನಾಕ್ಕೈತಿ? ಸೆಟ್ ಸುಟ್ಟ! ಕೆಂಪು ಯಾವ್ದು ಕಪ್ಪು ಯಾವ್ದು ಗೊತ್ತಿಲ್ಲದ ಮನಷ್ಯಾ. ನಾ ಸುಮ್ಮನಿದ್ದೆ, ಅದು ನನ್ನ ದೊಡ್ಡಸ್ತನ."

"ಹೋಗ್ಲಿ ಬಿಡ್ರಿ. ನಿಮ್ಮ ಮ್ಯಾಲೆ ಜೀವಾ ಇಟ್ಕೊಂಡಾರ ಅವರು."

ಉಮಾಪತಿ ಬಿಡಲಿಲ್ಲ. ಚಹಾ ಆರಿ ತಣ್ಣಗಾದರೂ ಅವನ ದೊಡ್ಡಸ್ತನ ಮುಗಿಯಲಿಲ್ಲ. ಕೊನೆಗೆ ಪಂಪಾವತಿಯೇ ಕೇಳಿದಳು: "ಅದ್ಯಾಕ್ರಿ, ಆ ಕೆಂಪು ದೀಪ ಆಗಿಂದ ಹಂಗ ಉರಿಯಾಕತ್ತೈತಿ?"

ಅವನು ಧಡಕ್ಕನೆ ಎದ್ದು ಕೂತ. ಕೆಂಪು ದೀಪ ಉರಿದರೆ ಈ ಕಡೆಯ ಮಾತು ಆಚೆ ಹೋಗುತ್ತಿದೆ, ಆಚೆಯವರದು ಇಲ್ಲಿಗೆ ಕೇಳುವುದಿಲ್ಲ ಎಂದರ್ಥ. ದಿಂಬು ಎತ್ತಿದ. ಅವನ ಬೆನ್ನಿನ ಭಾರಕ್ಕೆ ಮೈಕಿನ ಗುಂಡಿ ಒತ್ತಿಕೊಂಡೇ ಇತ್ತು. ಸೆಟ್ಟು ಕಾದ ಹೆಂಚಿನಂತಾಗಿತ್ತು.

ಗುಂಡಿ ಬಿಟ್ಟಿದ್ದೇ ತಡ, ನಿಶಾತ್‌ಳ ದನಿ ಬಂತು. ಸಿಟ್ಟಿನದಲ್ಲ. "ಉಮಾಪತಿ ಕಾಕಾ, ನಿಮ್ಮ ಮೈಕು ಒತ್ಕೊಂಡಿತ್ತು. ಎಲ್ಲಾರಿಗೂ ಕೇಳೇತ್ರಿ." ಆಮೇಲೆ ಅಪ್ಪನಿಗೆ, "ಕುರುಗೋಡು, ಇದ್ದೀರೇನ್ರಿ?"

"ಅದೀನಿ," ಎಂದ ಅಜೀಮ್.

ಉಮಾಪತಿ ಗಡಬಡಿಸಿ ಗುಂಡಿ ಒತ್ತಿದ. ಸೆಟ್ಟಿನ ದೀಪ ಮಿಣುಕಿ ಆರಿತು. ಬೈಯುವಷ್ಟು ಹೊತ್ತು ಒದಗಿದ ಬ್ಯಾಟರಿ ತಪ್ಪಾಯಿತು ಎನ್ನುವುದಕ್ಕೆ ಉಳಿದಿರಲಿಲ್ಲ. ಫೋನು ಹಚ್ಚಿದ. ಅಜೀಮ್ ಎತ್ತಲಿಲ್ಲ.

ಪಂಪಾವತಿ ಗಂಡನ ಮುಖವನ್ನೇ ನೋಡುತ್ತಿದ್ದಳು. "ಸೆಟ್ ಸುಟ್ಟಿದ್ದು ಅವರೇ ಹೌದಲ್ಲೇನ್ರಿ?"

ಅವನು ಆಂಟೆನಾ ತಂತಿ ಬಿಚ್ಚಿ, ಬಂಡಿಯನ್ನು ಕುರುಗೋಡಿನ ಕಡೆ ತಿರುಗಿಸಿದ. ಗೆಳೆಯ ನನ್ನ ಮಾನ ಮುಚ್ಚಲೆಂದು ಹೊದಿಸಿದ ಬಟ್ಟೆಯಲ್ಲೇ ಅವನನ್ನು ಕಟ್ಟಿ ಹೊಡೆದೆನಲ್ಲ ಎಂದು ಅವನಿಗೆ ನಾಚಿಕೆಯಾಗುತ್ತಿತ್ತು. ಅದೂ ಮಗಳ ಕಿವಿಗೆ ಬೀಳುವಂತೆ. ಯಾರಿಗೂ ಮುಖ ತೋರಿಸದೆ ಸೀದಾ ಎಲ್ಲಾದರೂ ಹೋಗಿಬಿಡೋಣ ಎನ್ನಿಸಿತು.

ಗುಡ್ಡ ಹತ್ತಿ ಹೋದಾಗ ಅಜೀಮ್ ಬಂಡೆಯ ಮೇಲೆ ಸೆಟ್ಟಿನ ಮುಂದೆಯೇ ಕೂತಿದ್ದ. ತಾಲೀಮು ಮುಗಿದಿರಲಿಲ್ಲ.

"ಅಜೀಮಾ, ತಪ್ಪಾತೋ. ಬಾಯಿ ಜಾರಿ ಅಂದೆ."

"ಬಾಯಿ ಜಾರಿ ದಿಂಬು, ಪರದೆ ಅಂದಿ, ಅದು ಹೋಗ್ಲಿ. ಸೆಟ್ಟಿನ ಮಾತು ಯಾಕ ತೆಗದಿ? ನಿನ್ನ ಮರ್ಯಾದಿ ಅಂತ ನನ್ನ ಮಗಳಿಗೂ ಹೇಳಿದ್ದಿಲ್ಲ ನಾನು."

ಹಿಂದೆ ನಿಂತಿದ್ದ ಪಂಪಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಮಾಪತಿ ತಲೆ ಎತ್ತಲಿಲ್ಲ. ಅಂದಿನಂತೆಯೇ ಬಾಡಿದ ಆ ಮುಖವನ್ನು ಅಜೀಮ್ ನೋಡಿದ.

"ಆತು ಬಿಡು," ಎಂದ ಅಜೀಮ್, ಮೆತ್ತಗೆ. "ನಂದೇ ಅಂತ ಇರ್ಲಿ. ಆಗ ಹೇಳೇನಿ, ಈಗೇನು ಹೊಸಾದು?"

ಒಂದು ಗಳಿಗೆ ಉಮಾಪತಿಗೆ ಹಾಯೆನಿಸಿತು. ಹಾಗೆನಿಸಿದ್ದು ಗೊತ್ತಾದಾಗ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು.

"ಮೈಕು ಕೊಡು," ಎಂದ.

ತನ್ನ ರೇಡಿಯೊ ಗುರುತಾದ ಕಾಲ್‌ಸೈನ್ ಹೇಳಿ, ಕುರುಗೋಡಿನಿಂದ ಒಂದು ಸಂದೇಶವಿದೆ ಎಂದ. "ಹೇಳ್ರಿ," ಎಂದಳು ನಿಶಾತ್. ಜೀವಮಾನವಿಡೀ ಮಾತಿಗೆ ತಡಕಾಡದವನು ಒಂದೊಂದೇ ಪದ ಆಯ್ದು ಹೇಳಿದ.

"ಸೆಟ್ ಸುಟ್ಟಿದ್ದು ನಾನು. ಅಜೀಮ್ ಅಲ್ಲ. ನನ್ನ ಮರ್ಯಾದಿ ಉಳಿಸಾಕ ಅವ ತನ್ನ ಮ್ಯಾಲೆ ಹಾಕ್ಕೊಂಡ. ನಾ ಸುಳ್ಳು ಹೇಳಿದೆ."

ಆಮೇಲೆ ನಿಶಾತ್‌ಳ ದನಿ, ಎಂದಿನ ಕಟ್ಟುನಿಟ್ಟಿನಲ್ಲಿ ಶುರುವಾಯಿತು.

"ಸಂದೇಶ ತಿರುಗಿ ಹೇಳ್ತೀನ್ರಿ. ಸೆಟ್ ಸುಟ್ಟಿದ್ದು ನಾನು. ಅಜೀಮ್..." ಅಲ್ಲಿ ಅವಳ ದನಿ ಒಡೆಯಿತು. ಮತ್ತೆ ಹಿಡಿದುಕೊಂಡಳು. "ಅಜೀಮ್ ಅಲ್ಲ. ನನ್ನ ಮರ್ಯಾದಿ ಉಳಿಸಾಕ ಅವ ತನ್ನ ಮ್ಯಾಲೆ ಹಾಕ್ಕೊಂಡ. ನಾ ಸುಳ್ಳು ಹೇಳಿದೆ. ಸರಿ ಐತೇನ್ರಿ, ಕಾಕಾ?"

ಅಜೀಮ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಆಚೆ ಕಡೆ ತಿರುಗಿದ್ದ. ಹೊಸಪೇಟೆಯಿಂದ ರಾಯಚೂರಿನವರೆಗೆ ಎಲ್ಲರೂ ಕಾಯುತ್ತಿದ್ದರು. ಉಮಾಪತಿ ಗುಂಡಿ ಒತ್ತಿದ.

"ಸರಿ ಐತಿ," ಎಂದ.