ಸೋತವರು ಪಾತ್ರೆ ತೊಳೆಯಬೇಕು

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಊಟದ ಹೊತ್ತಿನ ವಾದದಲ್ಲಿ ಸೋತವರು ಪಾತ್ರೆ ತೊಳೆಯಬೇಕು. ವಾದವೂ ಹೊಸದೇನಲ್ಲ. ಭೂಮಿ ಕಾದ ಹಂಚಾಗುತ್ತಿದೆ, ಅದನ್ನು ತಣ್ಣಗೆ ಮಾಡುವುದು ಹೇಗೆ? ತಾಂತ್ರಿಕ ಶಾಲೆಯಲ್ಲಿ ಮೋಟಾರು ಬಿಚ್ಚಿ ಜೋಡಿಸುವುದನ್ನು ಕಲಿಸಿ ನಿವೃತ್ತರಾದ ಮೇಷ್ಟ್ರ ಪ್ರಕಾರ, ಯಂತ್ರ ಮಾಡಿದ್ದನ್ನು ಯಂತ್ರವೇ ಸರಿಮಾಡಬೇಕು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅವರ ಹೆಂಡತಿಯ ಪ್ರಕಾರ, ಜನ ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು.

"ಬಿಸಿಲಿಂದ ಕರೆಂಟು ಮಾಡ್ತಾರೆ, ಗಾಳಿಯಲ್ಲಿರೋ ಹೊಗೇನೂ ಹೀರಿ ನೆಲದೊಳಗೆ ಹುಗೀತಾರೆ. ನೀನೊಬ್ಬಳು ಲೈಟ್ ಆರಿಸಿದ್ರೆ ಏನಾಗುತ್ತೆ ಕಣೇ?"

"ನಿಮ್ಮಂಥೋರು ಆರಿಸದೇ ಇದ್ದಿದ್ದಕ್ಕೆ ಏನಾಗಿದೆ ಅಂತ ನೋಡ್ತಾನೇ ಇದೀನಲ್ರೀ."

ಬೇಸಿಗೆಯಲ್ಲಿ ಆಕೆ ಹಳೇ ಹೊದಿಕೆಯೊಂದನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟುತ್ತಿದ್ದಳು. ಏಸಿ ಎಂದರೆ ಉರಿದುಬೀಳುತ್ತಿದ್ದಳು. "ನಮ್ಮನೆ ಸೆಕೇನ ಬೀದಿಗೆ ತಳ್ಳೋಕೆ ಅದೊಂದು ಡಬ್ಬ ಬೇಕಾ?"

ಮೇಷ್ಟ್ರು ಒಂದು ದಿನವೂ ಸೋಲು ಒಪ್ಪಿದವರಲ್ಲ. ಆಕೆಯಂತೂ ಸತ್ತರೂ ಒಪ್ಪುವವಳಲ್ಲ. ಹಾಗಾಗಿ ಪಾತ್ರೆ ಇಬ್ಬರ ಪಾಲಿಗೂ ಬರುತ್ತಿತ್ತು. ಆಕೆ ತಿಕ್ಕುವುದು, ಇವರು ತೊಳೆಯುವುದು, ನಡುನಡುವೆ "ರೀ, ನಲ್ಲಿ!" ಎಂಬ ಕೂಗು. ಬೈಸಿಕೊಳ್ಳುವ ಆಸೆಗೇ ಇವರು ನಲ್ಲಿ ಬಿಟ್ಟು ನಿಲ್ಲುತ್ತಾರೆಂಬ ಗುಟ್ಟು ಆಕೆಗೂ ಗೊತ್ತಿತ್ತು.

ಆಕೆ ಹೋದದ್ದು ಚಳಿಗಾಲದಲ್ಲಿ. ಬೇಸಿಗೆ ಶುರುವಾಗುತ್ತಲೇ ಬೇರೆ ಊರಿನಲ್ಲಿದ್ದ ಮಗಳು ಏಸಿ ಕಳಿಸಿದಳು. "ಹಾಕಿಸ್ಕೊಳ್ಳಿ ಅಪ್ಪ. ಈಗ ಬೇಡ ಅನ್ನೋರು ಯಾರೂ ಇಲ್ವಲ್ಲ" ಎಂದಳು ಫೋನಿನಲ್ಲಿ. ಪಾಪ, ಒಳ್ಳೆಯದಕ್ಕೇ ಅಂದದ್ದು. 

ಏಸಿ ಕೂರಿಸಲು ಬಂದವನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದಾಗ ಮೇಷ್ಟ್ರು ಅವನ ಬೆನ್ನ ಹಿಂದೆಯೇ ನಿಂತರು. ಅವರಿಗೆ ಬೇಕಾಗಿದ್ದದ್ದು ತಂಪಲ್ಲ, ಒಂದು ಎದುರು ಮಾತು. ತಿಂಗಳುಗಳಿಂದ ಅವರಿಗೆ ಯಾರೂ ಎದುರಾಡಿರಲಿಲ್ಲ. ಹೆಂಡತಿ ಸತ್ತವರ ಹತ್ತಿರ ಯಾರು ತಾನೇ ಜಗಳ ಆಡುತ್ತಾರೆ?

"ಎಲ್ಲಾ ಯಂತ್ರನೇ ಸರಿಮಾಡುತ್ತೆ ಕಣಪ್ಪ. ಜನ ಬದಲಾಗೋ ಅಗತ್ಯನೇ ಇಲ್ಲ" ಎಂದರು, ಕೆಣಕುವ ದನಿಯಲ್ಲಿ.

"ಹೌದು ಸಾರ್, ಖಂಡಿತ."

ಮೇಷ್ಟ್ರು ಜನ್ಮದಲ್ಲಿ ಮೊದಲ ಸಲ ಪಕ್ಷ ಬದಲಿಸಿದರು. "ಆದ್ರೂ ನೋಡು, ಈ ಡಬ್ಬ ನಮ್ಮನೆ ಸೆಕೇನ ಬೀದಿಗೆ ತಳ್ಳುತ್ತೆ. ಕಿಟಕಿಗೆ ಒದ್ದೆ ಬಟ್ಟೆ ಕಟ್ಕೊಂಡ್ರೆ ಸಾಲ್ದಾ?"

"ಅದೂ ನಿಜ ಸಾರ್. ಹಾಗಾದ್ರೆ ತೂತು ಹೊಡೀಲೋ ಬೇಡ್ವೋ?"

ಇಂಥ ಕೋಲೆಬಸವನ ಹತ್ತಿರ ಏನು ವಾದ ಮಾಡುವುದು! "ಹೊಡಿ" ಎಂದು ಒಳಗೆ ಹೋದರು.

ಅವನು ಕೆಲಸ ಮುಗಿಸಿ ಹೋದ ಮೇಲೆ ಮೇಷ್ಟ್ರು ಏಸಿ ಹಾಕಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಕಡೆ ತಿರುಗಿ, "ನೋಡಿದ್ಯೇನೇ, ಎಷ್ಟು ತಂಪು!" ಎಂದರು. ಕೋಣೆ ತಂಪಾಗಿಯೇ ಇತ್ತು. ಸ್ವಲ್ಪ ಹೊತ್ತು ಕಾದು, ಏಸಿ ಆರಿಸಿದರು. ಬೀರುವಿನಿಂದ ಆ ಹಳೇ ಹೊದಿಕೆ ತೆಗೆದು ನೀರಿನಲ್ಲಿ ಅದ್ದಿ, ಕಿಟಕಿಗೆ ಕಟ್ಟಿದರು. ಗಂಟು ಸರಿಯಾಗಿ ಬೀಳದೆ ನೆಲವೆಲ್ಲ ಒದ್ದೆಯಾಯಿತು.

"ಆಯ್ತು ಕಣೇ. ನೀನೇ ಗೆದ್ದೆ" ಎಂದು ಗಟ್ಟಿಯಾಗಿಯೇ ಹೇಳಿದರು.

ಈ ಒಂದು ಮಾತು ಕೇಳಿದ್ದರೆ ಆಕೆ ಬೀದಿಯವರನ್ನೆಲ್ಲ ಕರೆದು ಸಾಕ್ಷಿ ಮಾಡುತ್ತಿದ್ದಳು. ಈಗ ಕೇಳುವವರೇ ಇರಲಿಲ್ಲ.

ಊಟ ಮುಗಿಯಿತು. ಸೋತವರು ಇವರೇ ಆದ್ದರಿಂದ ಪಾತ್ರೆಯೂ ಇವರದೇ. ಇದ್ದದ್ದು ಒಂದು ತಟ್ಟೆ, ಒಂದು ಲೋಟ. ನಲ್ಲಿಯನ್ನು ಪೂರ್ತಿ ತಿರುಗಿಸಿದರು. ತಟ್ಟೆ ತೊಳೆದಾಯಿತು, ಲೋಟ ತೊಳೆದಾಯಿತು. ನೀರು ಸುಮ್ಮನೆ ಸುರಿಯುತ್ತಲೇ ಇತ್ತು. ಮೇಷ್ಟ್ರು ಬಾಗಿಲ ಕಡೆ ಕಿವಿಗೊಟ್ಟು ನಿಂತರು.

ಕೊನೆಗೆ "ರೀ, ನಲ್ಲಿ" ಎಂದು ತಾವೇ ಮೆಲ್ಲಗೆ ಹೇಳಿಕೊಂಡು, ನಿಲ್ಲಿಸಿದರು.