ಬೇಕರಿಯವನ ಹೆಂಡತಿಯ ಮೆಡಿಕಲ್

ಅವಳು ಓಡಿಸುತ್ತಿದ್ದದ್ದು ಒಂದೇ ಪ್ರೊಪೆಲರಿನ ಪುಟ್ಟ ವಿಮಾನ. ಕಡಲ ದಡದ ಊರಿನಿಂದ ಎದುರಿನ ದ್ವೀಪಗಳಿಗೆ ಔಷಧಿ, ಅಂಚೆ ಚೀಲ, ಆಸ್ಪತ್ರೆಗೆ ಬಂದು ಹೋಗುವ ಮುದುಕರು, ಒಮ್ಮೊಮ್ಮೆ ಬುಟ್ಟಿ ತುಂಬ ಕೋಳಿಮರಿ, ಹೀಗೆ ಏನು ಸಿಕ್ಕಿದರೂ ಹೊತ್ತುಕೊಂಡು ಹೋಗುವ ಕೆಲಸ. ಗಂಡ ಬೇಕರಿ ನಡೆಸುತ್ತಿದ್ದ. ಇಬ್ಬರೂ ಊರು ಏಳುವ ಮೊದಲೇ ಏಳುವವರು, ಊರು ಮಲಗುವ ಮೊದಲೇ ಮಲಗುವವರು. ಹಾಗಾಗಿ ಸಂಸಾರ ಸಲೀಸಾಗಿ ನಡೆಯುತ್ತಿತ್ತು.

ಮನೆಯಲ್ಲಿ ಮೂರನೆಯವರು ಮಾವ. ಜೀವಮಾನವೆಲ್ಲ ಲಾರಿ ಓಡಿಸಿದವರು. ಸೊಸೆಯನ್ನು ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದರು. “ಈ ಮನೇಲಿ ಸ್ಟೇರಿಂಗ್ ಹಿಡಿದೋರು ನಾವಿಬ್ಬರೇ ನೋಡು ಕ್ಯಾಪ್ಟನ್. ಇವನಿಗೆ ಎಷ್ಟು ಹೇಳಿದರೂ ಹಿಟ್ಟೇ ಹಿಡಿದ” ಎಂದು ಮಗನನ್ನು ಅವನೆದುರಿಗೇ ಆಡಿಕೊಳ್ಳುತ್ತಿದ್ದರು.

ಆ ಬೇಸಿಗೆಯಲ್ಲಿ ಅವಳಿಗೆ ಎಲ್ಲಿಲ್ಲದ ಬಾಯಾರಿಕೆ ಶುರುವಾಯಿತು. ಕೊಡಗಟ್ಟಲೆ ನೀರು ಕುಡಿದರೂ ನಾಲಿಗೆ ಅಂಟುತ್ತಿತ್ತು. ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಳು. ಬಿಸಿಲು, ಓಡಾಟ, ಸುಸ್ತು ಎಂದು ಸಮಾಧಾನ ಹೇಳಿಕೊಂಡೇ ಇದ್ದಳು. ವರ್ಷಕ್ಕೊಮ್ಮೆ ಆಗುವ ಪೈಲಟ್‌ಗಳ ವೈದ್ಯಕೀಯ ತಪಾಸಣೆಯಲ್ಲಿ ವಿಷಯ ಹೊರಬಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: “ನೋಡಮ್ಮ, ಇದು ವಯಸ್ಸಾದವರಿಗೆ ಬರುವ ಶುಗರ್ ಅಲ್ಲ. ನಿನ್ನ ದೇಹ ಇನ್ಸುಲಿನ್ ಮಾಡೋದನ್ನೇ ನಿಲ್ಲಿಸ್ತಾ ಇದೆ. ಇನ್ನು ಮೇಲೆ ಅದನ್ನ ಹೊರಗಿಂದ ನೀನೇ ಕೊಡಬೇಕು, ದಿನಾ, ಜೀವನಪೂರ್ತಿ.”

“ವಿಮಾನ?” ಎಂದಳು ಅವಳು.

“ಸದ್ಯಕ್ಕೆ ಇಲ್ಲ.”

ಸದ್ಯಕ್ಕೆ ಎನ್ನುವ ಆ ಒಂದು ಪದವನ್ನು ಹಿಡಿದುಕೊಂಡೇ ಅವಳು ಮನೆಗೆ ಬಂದದ್ದು. ಹಿಂದೆಲ್ಲ ಇನ್ಸುಲಿನ್ ಎಂದರೆ ಪೈಲಟ್ ಕೆಲಸ ಮುಗಿದ ಹಾಗೇ ಇತ್ತು. ಈಗ ನಿಯಮ ಸ್ವಲ್ಪ ಸಡಿಲವಾಗಿತ್ತು. ತೋಳಿಗೆ ಸೆನ್ಸರ್ ಅಂಟಿಸಿಕೊಂಡು, ಆರು ತಿಂಗಳು ಸಕ್ಕರೆಯ ಮಟ್ಟ ಹತೋಟಿಯಲ್ಲಿದೆ ಎಂದು ತೋರಿಸಿದರೆ ಮತ್ತೆ ಸರ್ಟಿಫಿಕೇಟು ಕೇಳಬಹುದಿತ್ತು.

ಸುದ್ದಿ ಕೇಳಿ ಗಂಡ ಅವಳ ಪಕ್ಕ ಬಂದು ಕೂತ. ಮಾವ ಕುರ್ಚಿ ಎಳೆದುಕೊಂಡು, “ನಂದು ಇಪ್ಪತ್ತು ವರ್ಷದ ಶುಗರ್. ನೀನಿನ್ನೂ ಹೊಸಬಳು. ಏನೇ ಡೌಟ್ ಇದ್ದರೂ ನನ್ನ ಕೇಳು” ಎಂದು ಸೀನಿಯಾರಿಟಿ ಸ್ಥಾಪಿಸಿದರು.

“ಮಾವ, ನಿಮ್ಮದೇ ಬೇರೆ, ನನ್ನದೇ ಬೇರೆ.”

“ಲಾರಿ ಬೇರೆ, ವಿಮಾನ ಬೇರೆ. ಡೀಸೆಲ್ ಕಡಿಮೆಯಾದರೆ ಎರಡೂ ನಿಲ್ತವೆ ತಾನೇ?”

ಅವಳಿಗೆ ಅಳು ಬರುವುದರಲ್ಲಿತ್ತು, ನಗು ಬಂತು.

ವಿಮಾನ ಕಂಪನಿಯ ಯಜಮಾನ ಒಳ್ಳೆಯವನು. ಕೆಲಸದಿಂದ ತೆಗೆಯದೆ ಸಾಮಾನು ತೂಗುವ ಕೌಂಟರಿನಲ್ಲಿ ಕೂರಿಸಿದ. ಬೇರೆಯವರು ಹಾರಿಸಬೇಕಾದ ಗಂಟುಮೂಟೆಗಳನ್ನು ಅವಳು ತೂಗಿ, ಚೀಟಿ ಅಂಟಿಸಿ ಕಳಿಸುತ್ತಿದ್ದಳು. ವಿಮಾನ ಮೇಲೇಳುವ ಸದ್ದಿಗೆ ಕೈ ತಾನಾಗಿ ನಿಲ್ಲುತ್ತಿತ್ತು.

ಸೆನ್ಸರಿನ ಲೆಕ್ಕ ಫೋನಿನಲ್ಲಿ ಗೆರೆಯಾಗಿ ಕಾಣುತ್ತಿತ್ತು. ಉಂಡರೆ ಗೆರೆ ಏರುತ್ತದೆ, ಇನ್ಸುಲಿನ್ ಹೆಚ್ಚಾದರೆ ಇಳಿಯುತ್ತದೆ. ಮೊದಮೊದಲು ಅದು ಕುಣಿದ ಕುಣಿತಕ್ಕೆ ಅವಳು ಹೆದರಿಹೋದಳು. ಆಮೇಲೆ ಒಂದು ಉಪಾಯ ಹೊಳೆಯಿತು. ತಿನ್ನದಿದ್ದರೆ ಏರುವುದೇ ಇಲ್ಲವಲ್ಲ! ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಒಂದಿಷ್ಟು ಸೊಪ್ಪು, ಸಂಜೆ ಸೌತೆಕಾಯಿ. ಇನ್ಸುಲಿನ್ ಕೂಡ ಹನಿ ಲೆಕ್ಕ. ಗೆರೆ ನೆಟ್ಟಗಾಯಿತು. ಅವಳ ಕೆನ್ನೆ ಒಳಗೆ ಹೋಯಿತು.

ಗಂಡ ಬ್ರೆಡ್ಡನ್ನು ಮನೆಗೆ ತರುವುದನ್ನೇ ನಿಲ್ಲಿಸಿದ. ಅವಳ ಕಣ್ಣಿಗೆ ಬೀಳಬಾರದು ಎಂದು ಅವನ ಲೆಕ್ಕ. ಬೇಕರಿಯಿಂದ ಬಂದವನು ಮೊದಲು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬೆಣ್ಣೆಯ ವಾಸನೆಯನ್ನೂ ತೊಳೆದುಕೊಂಡೇ ಅವಳ ಹತ್ತಿರ ಬರುತ್ತಿದ್ದ. ಅವಳ ಮುಂದೆ ಕೂತು ಅವನೂ ಸೌತೆಕಾಯಿ ಕಡಿಯುತ್ತಿದ್ದ. ಮಾವ ಮಾತ್ರ “ವಾಕಿಂಗು” ಎಂದು ಹೋಗಿ ಮಗನ ಅಂಗಡಿಯ ಹಿಂಬಾಗಿಲಲ್ಲಿ ಬನ್ನು ತಿಂದು ಬರುತ್ತಿದ್ದರು. ಮೀಸೆಯಲ್ಲಿ ಸಿಕ್ಕಿಕೊಂಡ ಎಳ್ಳು ಎಲ್ಲರಿಗೂ ಕಾಣುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಅವಳು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಡಾಕ್ಟರಮ್ಮನ ಕೋಣೆಗೆ ಹೋದಳು. ಸಮವಸ್ತ್ರ ಹೆಗಲಿನಿಂದ ಜೋತಾಡುತ್ತಿತ್ತು. ಡಾಕ್ಟರಮ್ಮ ಗೆರೆಯನ್ನು ಹಿಂದೆ ಮುಂದೆ ಎಳೆದು ನೋಡಿದರು. ಕಣ್ಣು, ಕಿವಿ, ಎದೆ, ಕಾಲಿನ ಸ್ಪರ್ಶಜ್ಞಾನ ಎಲ್ಲ ಪರೀಕ್ಷಿಸಿದರು. ಮೂತ್ರ ಪರೀಕ್ಷೆಯ ವರದಿ ಬರುವತನಕ ಹೊರಗೆ ಕೂರಿಸಿ, ಮತ್ತೆ ಒಳಗೆ ಕರೆದರು.

“ಇಂಥಾ ಗ್ರಾಫು ನಾನು ನೋಡೇ ಇಲ್ಲ. ನನಗೆ ಯಾವ ಕಾಯಿಲೇನೂ ಇಲ್ಲ, ನಂದೂ ಇಷ್ಟು ನೆಟ್ಟಗಿರಲ್ಲ.”

ಅವಳ ಮುಖ ಅರಳಿತು.

“ಹೊಗಳ್ತಾ ಇಲ್ಲಮ್ಮ. ನಿನ್ನೆ ಏನು ತಿಂದೆ?”

ಅವಳು ತಡವರಿಸಿದಳು. “ಸೌತೆಕಾಯಿ… ಮೊಟ್ಟೆ.”

“ಮೊನ್ನೆ?”

“ಮೊಟ್ಟೆ… ಸೌತೆಕಾಯಿ.”

“ಮೂತ್ರದಲ್ಲಿ ಕೀಟೋನ್ ಇದೆ. ಅಂದರೆ ಹೊಟ್ಟೆಗೆ ಇಲ್ಲದೆ ದೇಹ ತನ್ನನ್ನ ತಾನೇ ಸುಟ್ಟುಕೊಳ್ತಿದೆ. ನೀನು ಕಾಯಿಲೇನ ಹತೋಟಿಗೆ ತಂದಿಲ್ಲ. ಅದಕ್ಕೆ ಹೆದರಿ ಬಚ್ಚಿಟ್ಟುಕೊಂಡಿದೀಯ.” ದನಿ ಗಟ್ಟಿಯಾಗಿತ್ತು, ಆದರೆ ಕೈ ಅವಳ ಕೈ ಮೇಲಿತ್ತು. “ನಾಳೆ ಇಂಜಿನ್ ಕೆಟ್ಟು ದ್ವೀಪದಲ್ಲೇ ಉಳಿಯಬೇಕಾಗಿ ಬಂತು ಅಂದುಕೋ. ಯಾರೋ ಅನ್ನ ಹಾಕ್ತಾರೆ, ಇನ್ನೊಬ್ಬರು ಕೇಕ್ ಕೊಡ್ತಾರೆ. ಅದನ್ನ ತಿಂದು ಎಷ್ಟು ಇನ್ಸುಲಿನ್ ತಗೋಬೇಕು ಅಂತ ನಿನಗೆ ಗೊತ್ತಾ? ಹಸಿದ ಪೈಲಟ್ ಕೈಗೆ ನಾನು ವಿಮಾನ ಕೊಡಲ್ಲ. ಹೋಗು, ಹೊಟ್ಟೆ ತುಂಬ ತಿನ್ನು. ಏರಲಿ, ಇಳೀಲಿ. ಅದನ್ನ ಹೇಗೆ ಸಂಭಾಳಿಸ್ತೀಯ ಅಂತ ನನಗೆ ತೋರಿಸು. ಮೂರು ತಿಂಗಳು ಬಿಟ್ಟು ಬಾ.”

ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಓಡಿ ಬಂದ. ಎಲ್ಲ ಕೇಳಿಸಿಕೊಂಡು ಗೋಡೆಗೆ ಒರಗಿ ಅವಳ ಪಕ್ಕದಲ್ಲೇ ಕೂತ.

“ಊರಿಗೆಲ್ಲ ಬ್ರೆಡ್ಡು ಹಾಕ್ತೀನಿ, ನನ್ನ ಹೆಂಡತಿ ತಟ್ಟೇಲಿ ಸೌತೆಕಾಯಿ” ಎಂದ. “ನನಗೆ ಗೊತ್ತಿತ್ತು ಕಣೇ ನೀನು ಸೊರಗ್ತಾ ಇದೀಯ ಅಂತ. ಬಾಯಿ ಬಿಟ್ಟರೆ ನಿನ್ನ ಮನಸ್ಸು ಕೆಡುತ್ತೆ, ವಿಮಾನ ತಪ್ಪಿ ಹೋಗುತ್ತೆ ಅಂತ ಸುಮ್ಮನಿದ್ದೆ.”

“ನೀವು ಮೈಯುಜ್ಜಿ ಸ್ನಾನ ಮಾಡಿ ಬರ್ತಿದ್ರಲ್ಲ, ಆಗ ನನಗೆ ಇನ್ನೂ ಸಂಕಟ ಆಗ್ತಿತ್ತು. ಆ ವಾಸನೆ ಅಂದರೆ ನನಗೆ ಎಷ್ಟು ಇಷ್ಟ.”

“ಮತ್ತೆ ಹೇಳೋದಲ್ವಾ?”

“ನೀವು ಹೇಳಿದ್ರಾ?”

ಬಾಗಿಲಲ್ಲಿ ನಿಂತಿದ್ದ ಮಾವ ಗಂಟಲು ಸರಿಮಾಡಿಕೊಂಡರು. “ಅಂದರೆ ಇನ್ನು ಮೇಲೆ ಬನ್ನು ಮನೇಲೇ ಸಿಗುತ್ತೆ ಅನ್ನು.”

ಮರುದಿನ ಬೇಕರಿ ಮುಚ್ಚಿದ ಮೇಲೆ ಗಂಡ ಬಿಸಿ ಬ್ರೆಡ್ಡು ತಂದ. ಒಂದು ಚೂರು ಕತ್ತರಿಸಿ, ಹಿಟ್ಟಿನ ತಕ್ಕಡಿಯಲ್ಲಿ ತೂಗಿ, ಬೆಣ್ಣೆ ಸವರಿ ಅವಳ ಮುಂದಿಟ್ಟ. ಅವಳು ಲೆಕ್ಕ ಹಾಕಿ ಇನ್ಸುಲಿನ್ ಚುಚ್ಚಿಕೊಂಡು, ಸ್ವಲ್ಪ ಕಾದು, ಕಣ್ಣು ಮುಚ್ಚಿ ಬ್ರೆಡ್ಡು ಕಚ್ಚಿದಳು. ನಂತರ ಮೂರೂ ತಲೆಗಳು ಫೋನಿನ ಮೇಲೆ ಬಾಗಿದವು.

“ಏರ್ತಾ ಇದೆ, ಏರ್ತಾ ಇದೆ!” ಮಾವನ ಕಾಮೆಂಟರಿ ಶುರುವಾಯಿತು.

“ಅಪ್ಪ, ಮ್ಯಾಚ್ ನೋಡ್ತಾ ಇಲ್ಲ ನಾವು.”

“ನೋಡು ನೋಡು, ಘಾಟಿ ಹತ್ತಿದ ಹಾಗೆ ಹತ್ತುತಿದೆ. ಗೇರ್ ಬದಲಾಯಿಸು ಕ್ಯಾಪ್ಟನ್!”

“ಮಾವ, ಸ್ವಲ್ಪ ಸುಮ್ಮನಿರಿ, ಪುಣ್ಯ ಬರುತ್ತೆ.”

ಆ ದಿನ ಗೆರೆ ತೀರಾ ಮೇಲಕ್ಕೆ ಹೋಯಿತು. ಇನ್ನೊಂದು ದಿನ ಲೆಕ್ಕ ಅತ್ತಲಾಗಿ ತಪ್ಪಿ ಕೆಳಗಿಳಿಯಿತು. ಕೈ ನಡುಗಿ, ಹಣೆ ಬೆವತು, ಹಣ್ಣಿನ ರಸ ಕುಡಿಯಬೇಕಾಯಿತು. ಗಂಡ ಎರಡನೆಯ ಗ್ಲಾಸನ್ನೂ ತುಂಬಿಸಿ ಹಿಡಿದು ನಿಂತ. ಆದರೂ ಬಿಡಲಿಲ್ಲ. ಊಟಕ್ಕೆ ಎಷ್ಟು ಮೊದಲು ಚುಚ್ಚಿಕೊಳ್ಳಬೇಕು, ನಡೆದರೆ ಎಷ್ಟು ಇಳಿಯುತ್ತದೆ, ನಿದ್ದೆಗೆಟ್ಟರೆ ಏನಾಗುತ್ತದೆ, ಸಿಟ್ಟು ಬಂದರೆ ಏನಾಗುತ್ತದೆ, ಒಂದೊಂದನ್ನೂ ತಿಂದು, ನಡೆದು, ಜಗಳವಾಡಿ ಕಲಿತಳು. ಸಿಟ್ಟಿನ ಪರೀಕ್ಷೆಗೆ ಮಾವನ ಸಹಾಯ ಧಾರಾಳವಾಗಿ ಸಿಕ್ಕಿತು. ಕೆನ್ನೆ ತುಂಬಿಕೊಂಡಿತು. ಬೆಲ್ಟು ಹಳೆಯ ತೂತಿಗೆ ಬಂತು.

ಎರಡನೆಯ ಸಲ ಡಾಕ್ಟರಮ್ಮ ಗ್ರಾಫನ್ನು ನೋಡುತ್ತಾ ಒಂದು ಗುಡ್ಡದ ಮೇಲೆ ಬೆರಳಿಟ್ಟರು. “ಇದೇನು?”

“ಪಕ್ಕದ ಮನೆ ಹುಡುಗಿ ಮದುವೆ. ಎರಡು ತುಂಡು ಕೇಕು ತಿಂದೆ. ಒಂದಕ್ಕೆ ಮಾತ್ರ ಇನ್ಸುಲಿನ್ ತಗೊಂಡಿದ್ದೆ.”

“ಆಮೇಲೆ?”

“ಏರ್ತಿರೋದು ಗೊತ್ತಾದ ಕೂಡಲೇ ಇನ್ನೊಂದಿಷ್ಟು ತಗೊಂಡು ಕುಣಿಯೋಕೆ ಹೋದೆ. ಇಳೀತು.”

“ಈ ಹಳ್ಳ?”

“ತೀರಿಹೋದ ಅತ್ತೆಯ ಹಳೇ ಬೀರು ಮಹಡಿಗೆ ಸಾಗಿಸಿದ್ವಿ. ಅಷ್ಟು ಕೆಲಸ ಅಂತ ಅಂದಾಜಿರಲಿಲ್ಲ. ಫೋನು ಕೂಗ್ತು, ಮೆಟ್ಟಿಲಲ್ಲೇ ಕೂತು ಜ್ಯೂಸ್ ಕುಡಿದೆ. ಬೀರು ಅರ್ಧದಲ್ಲಿ ನಿಂತಿತ್ತು, ಅದರ ಕೆಳಗೆ ನನ್ನ ಗಂಡ.”

ಡಾಕ್ಟರಮ್ಮ ಬಾಯಿ ತುಂಬ ನಕ್ಕರು. ಒಂದೊಂದು ಗುಡ್ಡಕ್ಕೂ ಒಂದೊಂದು ಹಳ್ಳಕ್ಕೂ ಅವಳಲ್ಲಿ ಉತ್ತರವಿತ್ತು. ಕಡೆಗೆ ಅವರು ಕನ್ನಡಕ ತೆಗೆದು, “ಈಗ ನನಗೆ ಗ್ರಾಫಲ್ಲಿ ಒಬ್ಬಳು ಮನುಷ್ಯಳು ಕಾಣ್ತಿದಾಳೆ. ಮೇಲಿನವರಿಗೆ ಶಿಫಾರಸು ಕಳಿಸ್ತೀನಿ” ಎಂದರು.

ಸರ್ಟಿಫಿಕೇಟು ಬಂತು, ಷರತ್ತುಗಳ ಸಮೇತ. ಒಂದು ವರ್ಷ ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಬೇಕು. ಏರುವ ಮೊದಲು, ಹಾರುವಾಗ, ಇಳಿಯುವ ಮೊದಲು ಸಕ್ಕರೆ ನೋಡಿಕೊಳ್ಳಬೇಕು. ತೀರಾ ಇಳಿದರೆ ವಿಮಾನ ಪಕ್ಕದವರ ಕೈಗೆ. ಯಜಮಾನ ಕೌಂಟರಿಗೆ ಬಂದು ಅವಳ ಕೈಯಲ್ಲಿದ್ದ ಚೀಟಿಯ ಕಟ್ಟು ಕಿತ್ತುಕೊಂಡು, “ಎದ್ದೇಳಿ, ನಿಮ್ಮ ಜಾಗ ಇದಲ್ಲ” ಎಂದ.

ಮೊದಲ ಹಾರಾಟದ ಬೆಳಿಗ್ಗೆ ಪಕ್ಕದಲ್ಲಿದ್ದ ಪೈಲಟ್ ಮಹಾ ವಾಚಾಳಿ. ತನ್ನ ಹಲ್ಲುನೋವಿನ ಕಥೆ ಹೇಳುತ್ತಲೇ ಇದ್ದ. ಅರ್ಧ ದಾರಿಯಲ್ಲಿ ಗೆರೆ ನಿಧಾನಕ್ಕೆ ವಾಲುತ್ತಿರುವುದನ್ನು ಅವಳು ಗಮನಿಸಿದಳು. ಗಾಬರಿಯಾಗಲಿಲ್ಲ. “ಸ್ವಲ್ಪ ಹಿಡ್ಕೋತೀರಾ?” ಎಂದು ಅವನಿಗೆ ಒಪ್ಪಿಸಿ ಬಿಸ್ಕತ್ತು ತಿಂದಳು. ಗೆರೆ ಮೊದಲು ನೇರವಾಯಿತು, ಆಮೇಲೆ ಮೇಲಕ್ಕೆ ಮುಖ ಮಾಡಿತು. “ಈಗ ಕೊಡಿ” ಎಂದಳು. ಹಿಂದೆ ಕೂತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಹಲ್ಲಿನ ಕಥೆಯೂ ನಿಲ್ಲಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಗಂಡ ಸೋಫಾದ ಮೇಲೆ ಕಾಯುತ್ತಾ ಕೂತಿದ್ದ. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು.

“ಹೇಗಿತ್ತು? ಎಲ್ಲ ಹೇಳು” ಎಂದ.

ಅವಳು ಬೂಟು ಬಿಚ್ಚದೆ ಅವನ ಪಕ್ಕ ಕೂತು ಹೇಳತೊಡಗಿದಳು. ದಡ ಬಿಡುವಾಗ ಪಕ್ಕದಿಂದ ಹೊಡೆದ ಗಾಳಿ, ಆಳ ಕಡಿಮೆಯಿರುವ ಕಡೆ ಸಮುದ್ರದ ತಿಳಿ ಹಸಿರು, ರನ್‌ವೇ ಮೇಲೆ ಅಡ್ಡ ಬಂದ ಮೇಕೆ. ಮೇಕೆಯ ಹೊತ್ತಿಗೆ ಗಂಡ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ನಸುಕಿಗೆ ಮೊದಲೇ ಎದ್ದು ಒಲೆಯ ಮುಂದೆ ನಿಂತವನು. ಅವಳು ಮಾತು ನಿಲ್ಲಿಸಿದಳು.

ಮಾವ ಟೀವಿಯ ಸದ್ದು ಅಡಗಿಸಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಅವನು ಮಲಗಲಿ ಬಿಡು” ಎಂದು ಪಿಸುಗುಟ್ಟಿದರು. “ಮೇಕೆ ಬಂತು. ಆಮೇಲೆ? ಬ್ರೇಕ್ ಹಾಕಿದೆಯಾ, ಮೇಲೆತ್ತಿದೆಯಾ?”