ಎದೆಗೆ ಕೇಳಿಸುವ ಗಿಟಾರು

ನನ್ನ ತಮ್ಮ ಕಿಯೊಹಿರೊನ ಎಡಗಿವಿ ಹೋದ ಚಳಿಗಾಲದಲ್ಲಿ ಕೈಕೊಟ್ಟಿತು. ಬಲಗಿವಿ ಈ ವರ್ಷದ ಮಳೆ ಮುಗಿಯುವಷ್ಟರಲ್ಲಿ ಅದರ ಹಿಂದೆಯೇ ಹೋಯಿತು. ಡಾಕ್ಟರು ಕಿವಿ ಪರೀಕ್ಷೆಯ ಗೆರೆ ಎಳೆದ ಕಾಗದ ತೋರಿಸಿ, ಮೇಜಿಗೆ ಹಣೆ ತಾಗುವಷ್ಟು ಬಾಗಿ, ತಮ್ಮಿಂದ ಇನ್ನೇನೂ ಆಗದು, ಕ್ಷಮಿಸಬೇಕು ಎಂದರು. ಅವರು ಬಾಗಿದ್ದರಿಂದ ತುಟಿ ಕಾಣದೆ ಕಿಯೊಹಿರೊಗೆ ಆ ಮಾತೂ ತಿಳಿಯಲಿಲ್ಲ. ಕೊನೆಗೆ ನಾನೇ ಅವನ ಮುಖ ಹಿಡಿದು ಹೇಳಬೇಕಾಯಿತು. ಇಂಥ ಕೆಲಸಗಳೆಲ್ಲ ನಮ್ಮ ಮನೆಯಲ್ಲಿ ನನ್ನ ಪಾಲಿಗೇ ಬರುತ್ತವೆ.

ಯೊಕೊಹಾಮಾದ ನೊಗೆ ಓಣಿಯಲ್ಲಿ ನನ್ನದೊಂದು ಕಾಫಿ ಅಂಗಡಿ ಇದೆ. ಗಂಡ ಬಿಟ್ಟುಹೋದ ಜಾಜ್ ರೆಕಾರ್ಡುಗಳು ಗೋಡೆ ತುಂಬ ಇವೆ. ಭಾನುವಾರ ಮಧ್ಯಾಹ್ನ ಮಾತ್ರ ರೆಕಾರ್ಡು ನಿಲ್ಲಿಸಿ, ಕಿಯೊಹಿರೊ ಗಿಟಾರನ್ನೂ ಅವನ ಗೆಳೆಯ ಹಮಾಜಾಕಿ ನಿಲ್ಲಿಸಿ ಮೀಟುವ ದೊಡ್ಡ ಬೇಸನ್ನೂ ನುಡಿಸುತ್ತಿದ್ದರು. ಕಿಯೊಹಿರೊಗೆ ಬೇರೆ ಕಸುಬಿಲ್ಲ, ಬೇರೆ ಚಟವೂ ಇಲ್ಲ. ಕಿವಿ ಹೋದಮೇಲೆ ಅವನು ಅಂಗಡಿಯ ಮೂಲೆಯಲ್ಲಿ ಕೂತು ಸಕ್ಕರೆಯ ಪೊಟ್ಟಣಗಳನ್ನು ಜೋಡಿಸುವುದು, ಕೆಡವುವುದು, ಮತ್ತೆ ಜೋಡಿಸುವುದು ಇಷ್ಟೇ ಮಾಡುತ್ತಿದ್ದ.

ಒಂದು ದಿನ ಹಮಾಜಾಕಿ ಬೇಸಿನ ತಂತಿ ಸರಿಮಾಡುತ್ತಿದ್ದಾಗ ಕಿಯೊಹಿರೊ ಸುಮ್ಮನೆ ಅದರ ಬೆನ್ನಿಗೆ ಒರಗಿ ನಿಂತ. ನಿಂತವನು ಬೆಚ್ಚಿಬಿದ್ದ.

"ಅಕ್ಕಾ! ಕೇಳಿಸ್ತು ಕಣೇ!" ಎಂದು ಅರಚಿದ. ತನ್ನ ದನಿ ಎಷ್ಟು ದೊಡ್ಡದು ಎನ್ನುವುದು ಅವನಿಗೆ ಈಗ ತಿಳಿಯುತ್ತಿರಲಿಲ್ಲ. "ಕಿವಿಗಲ್ಲ, ಇಲ್ಲಿಗೆ, ಪಕ್ಕೆಲುಬಿಗೆ! ಹಮಾಜಾಕಿ, ಇನ್ನೊಂದ್ಸಲ ಮೀಟೋ!"

ಅವತ್ತಿನಿಂದ ಅವನಿಗೆ ಅದೇ ಹುಚ್ಚು. ಅವನ ಹಳೆಯ ಗಿಟಾರನ್ನು ನೋಡಿದವರು ಅದನ್ನು ಟೊಳ್ಳು ಗಿಟಾರೆಂದೇ ತಿಳಿಯುತ್ತಾರೆ. ಮೇಲೆ ಪಿಟೀಲಿಗೆ ಇರುವಂಥ ಎರಡು ಸೀಳು, ಒಳಗೆ ಕತ್ತಲು. ಆದರೆ ಅದರ ಹೊಟ್ಟೆಯ ನಡುವೆ ಕತ್ತಿನಿಂದ ಬುಡದವರೆಗೆ ಒಂದು ಮರದ ತೊಲೆ ಇದೆ. ಅಕ್ಕಪಕ್ಕ ಮಾತ್ರ ಟೊಳ್ಳು. ತೊಲೆ ಇರುವುದರಿಂದಲೇ ಅದು ವೇದಿಕೆಯ ಮೇಲೆ ತಂಟೆ ಮಾಡದೆ ಹೇಳಿದಷ್ಟು ಕೇಳುತ್ತದೆ ಎಂದು ಅವನು ಜೀವಮಾನವಿಡೀ ಹೊಗಳಿದ್ದ. ಈಗ ಅದನ್ನು ಎದೆಗೆ ಅವಚಿಕೊಂಡು ಮೀಟಿದರೆ ಕಿಟಕಿಯ ಹಲಗೆ ಹಿಡಿದ ಹಾಗೆ ಸುಮ್ಮನಿರುತ್ತದೆಯಂತೆ.

"ತೊಲೆ ಇಲ್ಲದ್ದು ಬೇಕು. ಪೂರ್ತಿ ಟೊಳ್ಳು. ಅದು ಸಿಕ್ಕಿದ್ರೆ ನುಡಿಸ್ತೀನಿ. ಸಿಗದಿದ್ರೆ ಗಿಟಾರು ಅನ್ನೋ ಮಾತೇ ಬೇಡ," ಎಂದ.

ಅವನ ಹೆಂಡತಿ ಸಾವಾಕೊ ನನ್ನನ್ನು ಅಡುಗೆಮನೆಗೆ ಎಳೆದು, "ಅತ್ತಿಗೆ, ಗಿಟಾರು ಹುಡುಕೋಕೆ ನೀವೂ ಬನ್ನಿ. ಇದೂ ಆಗ್ಲಿಲ್ಲ ಅಂದ್ರೆ ಅವರು ಉಳಿಯಲ್ಲ," ಎಂದು ಏಪ್ರನ್ನಿನ ಅಂಚಿನಿಂದ ಕಣ್ಣೊತ್ತಿಕೊಂಡಳು. ಸಾವಾಕೊ ಯಾವುದನ್ನೂ ಹೆಚ್ಚು ಮಾಡಿ ಹೇಳುವವಳಲ್ಲ.

ಮೂವರೂ ಟೋಕಿಯೋದ ಒಚಾನೊಮಿಜುಗೆ ಹೋದೆವು. ಆ ಇಳಿಜಾರಿನ ಬೀದಿಯಲ್ಲಿ ಎಡಕ್ಕೂ ಬಲಕ್ಕೂ ಗಿಟಾರಿನ ಅಂಗಡಿಗಳೇ. ಮೂರನೇ ಮಹಡಿಯ ಒಂದು ಅಂಗಡಿಯಲ್ಲಿ ತೊಕುನಾಗಾ ಎಂಬವನು ನಮ್ಮನ್ನು ಕೂರಿಸಿದ. ನಡುವಯಸ್ಸಿನವನು, ಮರ್ಯಾದೆಯ ಮುದ್ದೆ. ನಾನು ವಿಷಯ ಹೇಳಿದೆ. ಅವನು ಐದು ಸಲ ಬಾಗಿದ.

"ತಲೆ ಎತ್ತಿ ಮಾತಾಡ್ರೀ," ಎಂದೆ. "ನೀವು ನೆಲಕ್ಕೆ ಹೇಳಿದ್ರೆ ಇವನಿಗೆ ಹೇಗೆ ಗೊತ್ತಾಗ್ಬೇಕು? ತುಟಿ ನೋಡ್ಕೊಂಡೇ ಇವನ ಬದುಕು."

"ತಪ್ಪಾಯ್ತು ಅಮ್ಮಾ," ಎಂದು ಮತ್ತೆ ಬಾಗಿದ.

ಮೂರು ಗಿಟಾರು ತಂದಿಟ್ಟ. ದೂರದಿಂದ ನೋಡಿದರೆ ಮೂರೂ ಒಂದೇ ತಾಯಿಯ ಮಕ್ಕಳು. ಮೊದಲನೆಯದಕ್ಕೆ ನಡುವೆ ತೊಲೆ ಇದೆ ಎಂದ. ನಮ್ಮ ಮನೆಯದೇ ಜಾತಿ. ಕಿಯೊಹಿರೊ ಅದನ್ನು ಮುಟ್ಟಲೂ ಇಲ್ಲ. ಎರಡನೆಯದು ತೆಳ್ಳಗೆ, ಒಳಗೆ ಪೂರ್ತಿ ಟೊಳ್ಳು. ಆದರೆ ಮೇಲ್ಹಲಗೆ ಪ್ಲೈವುಡ್ಡಿನ ಹಾಗೆ ಪದರ ಅಂಟಿಸಿ ಒತ್ತಿದ್ದು, ತಂತಿಯ ದನಿ ಹಿಡಿಯುವ ಪಿಕಪ್ಪನ್ನು ಆ ಹಲಗೆಯನ್ನೇ ಕೊರೆದು ಬಿಗಿದದ್ದು. ಹಾಗಾಗಿ ಹಲಗೆ ಅಷ್ಟಾಗಿ ಅಲುಗುವುದಿಲ್ಲ. ಕಿಯೊಹಿರೊ ಅದನ್ನು ಎದೆಗೊತ್ತಿ ಮೀಟಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ಪಕ್ಕದ ಮನೆಯವರು ಮಾತಾಡಿದ ಹಾಗಿದೆ," ಎಂದ.

ಮೂರನೆಯದರ ಹೊಟ್ಟೆ ಅಂಗೈ ಅಗಲದಷ್ಟು ಆಳ. ಮೇಲ್ಹಲಗೆ ಇಡೀ ಮರದಿಂದ ಕೆತ್ತಿದ್ದು. ಪಿಕಪ್ಪು ಹಲಗೆಯನ್ನು ಮುಟ್ಟದೆ ಕತ್ತಿನ ತುದಿಯಿಂದ ಇಳಿಬಿದ್ದಿತ್ತು. ಕಿಯೊಹಿರೊ ಅದನ್ನು ತೊಡೆಯ ಮೇಲಿಟ್ಟುಕೊಂಡು ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಅವನ ಮುಖವನ್ನು ನಾನು ನೋಡುತ್ತಿದ್ದೆ. ತಿಂಗಳುಗಟ್ಟಲೆ ಬೀಗ ಹಾಕಿದ ಮನೆಯ ಕಿಟಕಿ ತೆಗೆದ ಹಾಗೆ ಆಯಿತು.

"ಇದೇ," ಎಂದ. "ಸಾವಾಕೊ, ಇದೇ ಕಣೇ. ಪ್ರತಿಯೊಂದೂ ಬೇರೆಬೇರೆ ಜಾಗಕ್ಕೆ ಬಂದು ತಾಗ್ತಾ ಇದೆ."

ತೊಕುನಾಗಾ ಕೈ ಹೊಸೆದ. "ತುಂಬಾ ಒಳ್ಳೆ ಆಯ್ಕೆ. ಅಲ್ಲ... ವೇದಿಕೆ ಮೇಲೆ ನುಡಿಸೋ ಹಾಗಿದ್ರೆ ಒಂಚೂರು... ಒಂಚೂರು ಯೋಚನೆ ಮಾಡ್ಬೇಕಾಗಬಹುದೇನೋ..." ಎಂದು ತನ್ನ ಬೂಟಿಗೆ ಹೇಳಿದ.

"ಬೇಡ ಅಂತ ಹೇಳೋಕೆ ಎಷ್ಟು ಸುತ್ತು ಹಾಕ್ತೀರಿ? ನೇರ ಹೇಳಿ."

ಅವನು ಕಷ್ಟಪಟ್ಟು ಹೇಳಿದ. ಈ ಗಿಟಾರು ಎಷ್ಟು ಚೆನ್ನಾಗಿ ನಡುಗುತ್ತದೋ ಅಷ್ಟೇ ಬೇಗ ಊಳಿಡುತ್ತದೆ. ಆಂಪ್ಲಿಫೈಯರಿನ ಡಬ್ಬದಿಂದ ಬಂದ ಸದ್ದು ಗಿಟಾರಿನ ಹೊಟ್ಟೆಯನ್ನು ಅಲುಗಿಸುತ್ತದೆ, ಹೊಟ್ಟೆಯ ನಡುಕ ಮತ್ತೆ ಡಬ್ಬಕ್ಕೆ ಹೋಗಿ ಇನ್ನೂ ದೊಡ್ಡದಾಗಿ ಬರುತ್ತದೆ. ಸುತ್ತಿ ಸುತ್ತಿ ಕೊನೆಗೆ ಕೈ ತೆಗೆದರೂ ನಿಲ್ಲದ ಒಂದೇ ಕೂಗಾಗುತ್ತದೆ. ಡಬ್ಬವನ್ನು ದೂರ ಇಡಬೇಕು, ಸೀಳುಗಳಿಗೆ ಬಟ್ಟೆ ತುರುಕಬೇಕು. "ಕೇಳಿಸೋರಿಗೆ ಕೂಡಲೇ ಗೊತ್ತಾಗಿ ಕೈಯಲ್ಲಿ ಒತ್ತಿ ನಿಲ್ಲಿಸ್ತಾರೆ," ಎಂದವನು ನಾಲಿಗೆ ಕಚ್ಚಿಕೊಂಡ. ಕಿವಿಯವರೆಗೂ ಕೆಂಪಾಗಿದ್ದ.

ನಾನು ಅಷ್ಟನ್ನೂ ತಮ್ಮನಿಗೆ ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವನು ನಕ್ಕ.

"ನಂಗೆ ಕೇಳಿಸದಿದ್ರೆ ಏನಂತೆ, ಇವಳಿದ್ದಾಳಲ್ಲ. ಸಾವಾಕೊ, ನೀನು ಮುಂದೆ ಕೂತ್ಕೋ. ಊಳಿಟ್ಟ ತಕ್ಷಣ ಕೈ ಎತ್ತು. ನಾನು ತಂತಿ ಒತ್ತಿಬಿಡ್ತೀನಿ. ನಿನ್ನ ಕೈ ನನ್ನ ಕಿವಿ. ಆಗುತ್ತಾ?"

"ಆಗುತ್ತೆ," ಎಂದಳು ಸಾವಾಕೊ.

ಆ ಗಿಟಾರನ್ನು ಕೊಂಡು ತಂದ ತಿಂಗಳೆಲ್ಲ ನಮ್ಮ ಮನೆಗೆ ಜೀವ ಬಂದಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಯೊಹಿರೊ ಡಬ್ಬಕ್ಕೆ ತಗುಲಿಸದೆ ಬರಿ ಗಿಟಾರನ್ನೇ ನುಡಿಸುತ್ತಿದ್ದ. ಮೊದಮೊದಲು ಶ್ರುತಿ ಹಾಳಾಗಿದ್ದರೆ ಹಮಾಜಾಕಿ ಸರಿಮಾಡಿಕೊಡುತ್ತಿದ್ದ. ಆಮೇಲೆ ಕಿಯೊಹಿರೊ ಎಷ್ಟೋ ಹಳೆಯ ಹಾಡುಗಳನ್ನು ಬೆರಳ ನೆನಪಿನಲ್ಲೇ ತಪ್ಪಿಲ್ಲದೆ ನುಡಿಸಿದ. ಎದೆಗೆ ಸಿಕ್ಕಿದ್ದು ಕಿವಿಗೆ ಸಿಕ್ಕಿದ್ದರ ಕಾಲುಭಾಗವೂ ಅಲ್ಲ ಎಂದು ಅವನೇ ಹೇಳಿದ. ಆದರೂ ಆ ಕಾಲುಭಾಗಕ್ಕೆ ಅವನು ಬಾಳೆಲ್ಲ ತೆರಬಲ್ಲವನಾಗಿದ್ದ. ಸಕ್ಕರೆ ಪೊಟ್ಟಣಗಳನ್ನು ಜೋಡಿಸುವುದನ್ನು ಬಿಟ್ಟ. ರಾತ್ರಿ ಅನ್ನ ಎರಡನೇ ಸಲ ಹಾಕಿಸಿಕೊಂಡ ಎಂದು ಸಾವಾಕೊ ಓಡಿಬಂದು ನನಗೆ ಹೇಳಿದಳು.

ಅಕ್ಟೋಬರಿನ ಒಂದು ಭಾನುವಾರ ಅವನು ಮತ್ತೆ ಜನರೆದುರು ನುಡಿಸುವುದೆಂದಾಯಿತು. ಹಳೆಯ ಗಿರಾಕಿಗಳು ಒಬ್ಬರೂ ತಪ್ಪದೆ ಬಂದರು. ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತರಾದ ನಿಶಿಗೋರಿ ಮುದುಕರು ಟೈ ಕಟ್ಟಿಕೊಂಡು ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದರು. ಸಾವಾಕೊ ಅವರ ಪಕ್ಕದಲ್ಲಿ, ತೊಡೆಯ ಮೇಲೆ ಕೈ ಇಟ್ಟುಕೊಂಡು.

ಕಿಯೊಹಿರೊ ಮೊದಲ ಹಾಡನ್ನು ಸಣ್ಣ ದನಿಯಲ್ಲಿ ನುಡಿಸಿದ. ಚೆನ್ನಾಗಿತ್ತು. ನಾನು ಕಾಫಿ ಸೋಸುವುದನ್ನು ಮರೆತು ನಿಂತಿದ್ದೆ. ಆದರೆ ಅವನ ಮುಖ ಸಪ್ಪಗಿತ್ತು. ಜನರಿದ್ದ ಕೋಣೆ, ಮೈಮೇಲೆ ದಪ್ಪ ಕೋಟು, ಸೀಳಿನಲ್ಲಿ ಬಟ್ಟೆ. ನಡುಕ ಅವನಿಗೆ ಸಾಲುತ್ತಿರಲಿಲ್ಲ. ಅವನು ಸೀಳಿನಿಂದ ಬಟ್ಟೆಯನ್ನು ಎಳೆದು ಜೇಬಿಗೆ ಹಾಕಿಕೊಂಡ. ಆಂಪ್ಲಿಫೈಯರಿನ ಡಬ್ಬವನ್ನು ತನ್ನ ಬೆನ್ನಿನ ಹತ್ತಿರಕ್ಕೆ ಎಳೆದುಕೊಂಡು ಗುಂಡಿ ತಿರುಗಿಸಿದ. ಎರಡನೇ ಹಾಡು ಶುರುಮಾಡಿದ.

ಊಳು ಮೆಲ್ಲಗೆ ಹುಟ್ಟಿತು. ಮೊದಲು ದಪ್ಪ ತಂತಿಯ ಅಡಿಯಲ್ಲಿ ಗುಂಯ್ ಎಂದಿತು, ಆಮೇಲೆ ಬೆಳೆಯಿತು. ನೋಡನೋಡುತ್ತಿದ್ದ ಹಾಗೆ ಕಪಾಟಿನ ಬಟ್ಟಲುಗಳು ಕಟಕಟ ಎಂದವು. ಹಂದಿ ಕೊಯ್ಯುವ ಕಡೆಯ ಸದ್ದು ಅದು. ಕಿಯೊಹಿರೊನ ಬೆರಳುಗಳು ತಂತಿಯ ಮೇಲೆ ಓಡುತ್ತಿದ್ದವು, ಆದರೆ ಅವನ ಹಾಡಿನ ಒಂದು ಚೂರೂ ಹೊರಗೆ ಬರುತ್ತಿರಲಿಲ್ಲ.

ಮತ್ತೆ ಅವನ ಮುಖ! ಕಣ್ಣು ಮುಚ್ಚಿದ್ದ, ಬಾಯಿ ಅರ್ಧ ತೆರೆದಿತ್ತು, ನಗುತ್ತಿದ್ದ. ಕಿವಿ ಇದ್ದ ಕಾಲದಲ್ಲೂ ಅವನು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಗಿಟಾರಿನ ಹೊಟ್ಟೆ ಇಡಿಯಾಗಿ ಅವನ ಎದೆಯಲ್ಲಿ ನಡುಗುತ್ತಿತ್ತು. ಅದೆಲ್ಲ ತನ್ನ ಕೈಯಿಂದ ಬರುತ್ತಿದೆ ಎಂದುಕೊಂಡಿದ್ದ.

ಇನ್ನು ಜನ. ಒಬ್ಬರಾದರೂ ಕಿವಿ ಮುಚ್ಚಿಕೊಂಡರೇ? ಇಲ್ಲ. ಒಬ್ಬರಾದರೂ ಹುಬ್ಬು ಗಂಟಿಕ್ಕಿದರೇ? ಅದೂ ಇಲ್ಲ. ಬೆನ್ನು ನೆಟ್ಟಗೆ ಮಾಡಿ, ಮಂದಹಾಸ ಹೊತ್ತು, ತಾಳಕ್ಕೆ ತಲೆ ತೂಗುತ್ತಿದ್ದರು. ಯಾವ ತಾಳಕ್ಕೆ ಎಂದು ದೇವರೇ ಬಲ್ಲ. ಹಮಾಜಾಕಿಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಊಳು ಯಾವ ಸ್ವರದಲ್ಲಿದೆ ಎಂದು ಹಿಡಿದು, ಅದೇ ಆಧಾರ ಶ್ರುತಿ ಎನ್ನುವ ಹಾಗೆ ತನ್ನ ಬೇಸನ್ನು ಅದರ ಕೆಳಗೆ ತಂದು ಕೂಡಿಸಿದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಗೆಳೆಯನ ಮಾನ ಕಾಯಲು ಅವನು ಹಾಡನ್ನೇ ಬದಲಿಸಿದ.

ನಾನು ಸಾವಾಕೊಳ ಕೈ ನೋಡಿದೆ. ಅದು ತೊಡೆಯ ಮೇಲೆಯೇ ಇತ್ತು. ಕೌಂಟರು ದಾಟಿ ಬಂದು ಡಬ್ಬದ ಗುಂಡಿಗೆ ಕೈ ಹಾಕಬೇಕು ಎನ್ನುವಷ್ಟರಲ್ಲಿ ಅವಳು ನನ್ನ ಏಪ್ರನ್ನು ಹಿಡಿದುಕೊಂಡಳು.

"ಬೇಡ ಅತ್ತಿಗೆ."

"ಹುಚ್ಚು ಹಿಡಿದಿದೆಯಾ ನಿಂಗೆ? ಕೈ ಎತ್ತೇ!"

"ಅವರ ಮುಖ ನೋಡಿ," ಎಂದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. "ಈ ಹಾಡು ಮುಗಿಯೋವರೆಗೆ. ಇದೊಂದು ಹಾಡು."

ಅವಳ ಬೆರಳು ಬಿಡಿಸಲು ನಾನು ಗುದ್ದಾಡುತ್ತಿದ್ದೆ. ಹಿಡಿ ಅಂದರೆ ಅಂಥ ಹಿಡಿ. ಅಷ್ಟರಲ್ಲಿ ಕಿಯೊಹಿರೊ ಕಣ್ಣು ತೆರೆದ.

ಅವನು ಸಾವಾಕೊಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದುರಿಗೇ ನಿಶಿಗೋರಿ ಮುದುಕರು ಕೂತಿದ್ದರು. ಮುಖದಲ್ಲಿ ಅದೇ ಮಂದಹಾಸ, ತಲೆಯಲ್ಲಿ ಅದೇ ತೂಗಾಟ. ಕಿಯೊಹಿರೊ ಕಣ್ಣು ಮುಚ್ಚಿದ್ದಾನೆ ಎಂಬ ಧೈರ್ಯದಿಂದ ಅವರು ತಮ್ಮ ಬಲಗಿವಿಯೊಳಗಿನ ಕೇಳುವ ಯಂತ್ರವನ್ನು ಎರಡು ಬೆರಳಿನಲ್ಲಿ ತೆಗೆದು, ಯಾರಿಗೂ ಕಾಣದ ಹಾಗೆ ಅಂಗಿಯ ಜೇಬಿಗೆ ಇಳಿಬಿಡುತ್ತಿದ್ದರು. ಎಡಗಿವಿಯದು ಆಗಲೇ ಜೇಬು ಸೇರಿತ್ತು. ಜೇಬನ್ನು ಒಮ್ಮೆ ತಟ್ಟಿಕೊಂಡು ಮತ್ತೆ ತಲೆದೂಗಿದರು.

ಕಿಯೊಹಿರೊನ ಬೆರಳುಗಳು ಓಡುವುದನ್ನು ಬಿಟ್ಟವು. ಕೈಯನ್ನು ತಂತಿಗಳಿಂದ ಮೇಲಕ್ಕೆತ್ತಿ ಗಾಳಿಯಲ್ಲಿ ಹಿಡಿದ. ಎದೆಯಲ್ಲಿ ನಡುಕ ಹಾಗೆಯೇ ಇತ್ತು; ನಿಲ್ಲಲಿಲ್ಲ. ತಾನು ಮುಟ್ಟದೆಯೂ ಅದು ನಡೆಯುತ್ತಿದೆ ಎಂದು ಅವನಿಗೆ ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅಂಗೈಯನ್ನು ತಂತಿಗಳ ಮೇಲೆ ಒತ್ತಿದ. ಕೋಣೆ ಮೌನವಾಯಿತು. ಅವನ ಎದೆಯೂ ಆಗಿರಬೇಕು.

"ಸಾವಾಕೊ," ಎಂದ. ದನಿ ಹೊರಗಿನ ಓಣಿಗೂ ಕೇಳಿಸುವಷ್ಟಿತ್ತು. "ಯಾವಾಗಿಂದ?"

ಸಾವಾಕೊ ತಲೆ ತಗ್ಗಿಸಿದಳು. ಗಿರಾಕಿಗಳು ತಮ್ಮತಮ್ಮ ಬಟ್ಟಲಿನೊಳಗೆ ನೋಡಿದರು. ಹಮಾಜಾಕಿ ಬೇಸಿನ ಹಿಂದೆ ಮುಖ ಮರೆಸಿಕೊಂಡ. ತುಟಿ ತೋರಿಸುವವರು ಒಬ್ಬರೂ ಇರಲಿಲ್ಲ.

"ಮೊದಲಿಂದ," ಎಂದೆ ನಾನು, ತುಟಿ ಅಗಲಿಸಿ. "ಈ ಹಾಡಿನ ಮೊದಲಿಂದ."

ಅವನು ನನ್ನ ತುಟಿ ಓದಿ ಹೆಂಡತಿಯ ಕಡೆಗೆ ತಿರುಗಿದ. "ಕೈ ಎತ್ತು ಅಂದಿದ್ನಲ್ಲ."

"ನೀವು ನಗ್ತಾ ಇದ್ರಿ," ಎಂದಳು ಸಾವಾಕೊ. "ಹೇಗೆ ಎತ್ತಲಿ? ನಗ್ತಾ ಇದ್ರಿ."

"ಹಾಗಾದ್ರೆ ಮನೇಲಿ ನುಡಿಸಿದ್ದು? ಈ ತಿಂಗಳೆಲ್ಲ ನುಡಿಸಿದ್ದು?"

"ಅದು ಚೆನ್ನಾಗಿತ್ತು! ನಿಜವಾಗ್ಲೂ ಚೆನ್ನಾಗಿತ್ತು!"

"ಚೆನ್ನಾಗಿತ್ತು ಕಣೋ," ಎಂದೆ ನಾನೂ. ಅದು ಸತ್ಯವಾಗಿತ್ತು, ನನ್ನ ಆಣೆಗೂ ಸತ್ಯ.

ಅವನು ನನ್ನ ತುಟಿ ಓದಿದ, ಅವಳ ತುಟಿ ಓದಿದ. ಮೊದಲ ದಿನ ಡಾಕ್ಟರ ಕಾಗದ ನೋಡಿದ ಹಾಗೆ ನೋಡಿದ. ಯಾವುದನ್ನೂ ನಂಬಲಿಲ್ಲ. ಇನ್ನು ಮುಂದೆಯೂ ನಂಬುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಅವನ ಕಿವಿಯಾಗಿ ಉಳಿದಿದ್ದವರು ನಾವೇ, ಆ ಕಿವಿಯೂ ಹೋಗಿತ್ತು.

ಆಗ ನಿಶಿಗೋರಿ ಮುದುಕರು ಚಪ್ಪಾಳೆ ತಟ್ಟಲು ಶುರುಮಾಡಿದರು. ಯಂತ್ರ ಜೇಬಿನಲ್ಲಿದ್ದ ಅವರಿಗೆ ನಮ್ಮ ಮಾತು ಏನೂ ಕೇಳಿಸಿರಲಿಲ್ಲ, ಹಾಡು ಮುಗಿಯಿತು ಎಂದುಕೊಂಡಿರಬೇಕು. ಒಬ್ಬರು ತಟ್ಟಿದ ಮೇಲೆ ಉಳಿದವರು ಸುಮ್ಮನೆ ಕೂರುವುದು ಹೇಗೆ? ಎಲ್ಲರೂ ತಟ್ಟಿದರು. ಕಿಯೊಹಿರೊ ಎದ್ದು ನಿಂತು, ವೇದಿಕೆಯ ಮೇಲೆ ಬಾಗಬೇಕಾದ ಹಾಗೆ ಬಾಗಿದ. ಕೂತು, ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಇನ್ನು ಮುಟ್ಟುವುದಿಲ್ಲ ಎನ್ನುವ ಗಿಟಾರಿಗೆ ನಮ್ಮಲ್ಲಿ ಹಾಗೆ ಮಾಡುತ್ತೇವೆ. ಜನರಿಗೆ ಅದು ಗೊತ್ತಿತ್ತು. ಆದರೂ ಮೊದಲು ಕೈ ನಿಲ್ಲಿಸುವವರು ತಾವಾಗಬಾರದೆಂದು ಅವರು ತಟ್ಟುತ್ತಲೇ ಇದ್ದರು, ಆರನೇ ತಂತಿ ಜೋತುಬೀಳುವವರೆಗೂ.